ಹಿಡಿತದ ಲೆಕ್ಕ: ಜೀಪು, ಜಿಪ್ಸಿ, ಥಾರ್, ಗೂರ್ಖಾಗಳ ಪೈಪೋಟಿ

ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚಬಲ್ಲ, ರಸ್ತೆಯಿಲ್ಲದ ನೆಲದಲ್ಲಿಯೂ ಸಾಗಬಲ್ಲ ಆಫ್‌-ರೋಡ್ ವಾಹನಗಳ ಒಡೆಯರಲ್ಲಿ ತಮ್ಮ ತಮ್ಮ ಮಾದರಿಯ ಮೇಲಿರುವ ಅಭಿಮಾನ ಬೇರೆ ವಾಹನಗಳ ಒಡೆಯರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳನ್ನು ಹಾದು ಕೆ.ಆರ್. ಪುರದವರೆಗೆ ಹರಡಿರುವ ಪೂರ್ವ ಬೆಂಗಳೂರಿನಲ್ಲಿ ಈ ಅಭಿಮಾನ ಒಂದು ಸ್ನೇಹಪೂರ್ಣ ಪೈಪೋಟಿಯಾಗಿ ಬೆಳೆದಿದೆ. ಹಳೆಯ ಜೀಪನ್ನು ಉಳಿಸಿಕೊಂಡವರು ಅದರ ಸರಳತೆಯನ್ನು ಕೊಂಡಾಡಿದರೆ, ಜಿಪ್ಸಿಯವರು ತಮ್ಮ ಗಾಡಿ ಹಗುರವೆಂದು ಹೇಳುತ್ತಾರೆ. ಮಹೀಂದ್ರ ಥಾರ್‌ನವರು ಡೀಸೆಲ್ ಎಂಜಿನ್ನಿನ ಟಾರ್ಕನ್ನು, ಅಂದರೆ ಅಕ್ಷವನ್ನು ತಿರುಗಿಸುವ ಬಲವನ್ನು, ಮುಂದಿಟ್ಟರೆ ಗೂರ್ಖಾದವರು ಲಾಕರ್ ಎಂಬ ಸಾಧನದ ಕಡೆ ಬೆರಳು ತೋರಿಸುತ್ತಾರೆ. ಇದನ್ನೆಲ್ಲ ಕಂಪನಿಯ ಹೆಸರಿನ ಮೋಹವೆಂದು ತಳ್ಳಿಹಾಕುವುದು ಸರಿಯಲ್ಲ. ಈ ನಾಲ್ಕು ಬಣಗಳೂ ಒಂದೇ ಭೌತಿಕ ಸಮಸ್ಯೆಯ ನಾಲ್ಕು ಬೇರೆ ಬೇರೆ ಅಂಶಗಳನ್ನು ಹಿಡಿದು ವಾದಿಸುತ್ತಿವೆ; ಆದ್ದರಿಂದಲೇ ಎಲ್ಲರೂ ಸ್ವಲ್ಪ ಸರಿ, ಯಾರೂ ಪೂರ್ತಿ ಸರಿಯಲ್ಲ.

ಈ ಪೈಪೋಟಿಗೆ ಪೂರ್ವ ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶವೇ ತಕ್ಕ ನೆಲವಾದುದಕ್ಕೆ ಇತಿಹಾಸದಲ್ಲಿ ಕಾರಣಗಳಿವೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಸುತ್ತ ಕಟ್ಟಿದ ದಂಡು ಮುಂದೆ ಒಂದು ಊರೇ ಆಗಿ ಬೆಳೆದರೂ ಸೈನ್ಯ ಅಲ್ಲಿಂದ ಕದಲಲಿಲ್ಲ. ಮದ್ರಾಸ್ ಸ್ಯಾಪರ್ಸ್ ಎಂದು ಪ್ರಸಿದ್ಧವಾದ ಮದ್ರಾಸ್ ಎಂಜಿನಿಯರ್ ಗ್ರೂಪ್ ಇಂದಿಗೂ ಹಲಸೂರು ಕೆರೆಯ ದಡದಲ್ಲಿದೆ, ಸೇನಾ ಸಲಕರಣೆಗಳನ್ನು ದುರಸ್ತಿ ಮಾಡುವ 515 ಆರ್ಮಿ ಬೇಸ್ ವರ್ಕ್‌ಶಾಪ್ ಅದೇ ಹಲಸೂರಿನಲ್ಲಿದೆ, ಸೇನೆಯ ಸಾಗಣೆ ಮತ್ತು ಸರಬರಾಜಿನ ಹೊಣೆ ಹೊತ್ತ ಆರ್ಮಿ ಸರ್ವೀಸ್ ಕೋರ್‌ನ ತರಬೇತಿ ಕೇಂದ್ರವೂ ಈ ನಗರದಲ್ಲಿಯೇ ಇದೆ. ಸೇನೆ ಬಳಸಿ ಬಿಟ್ಟ ವಾಹನಗಳು ಹರಾಜಿನ ಮೂಲಕ ನಾಗರಿಕರ ಕೈಸೇರುವುದು ಬಹುಕಾಲದ ರೂಢಿ. ಜಬಲ್‌ಪುರದ ವಾಹನ ಕಾರ್ಖಾನೆ ಜಪಾನಿನ ನಿಸ್ಸಾನ್ ಪ್ಯಾಟ್ರೋಲ್ ಎಂಬ ಮಾದರಿಯ ಆಧಾರದ ಮೇಲೆ 1969ರಿಂದ ಮೂರು ದಶಕ ತಯಾರಿಸಿದ, ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಎಂಜಿನ್ನಿನ ಜೋಂಗಾ ಹಾಗೆ ಹೊರಬಂದ ವಾಹನಗಳಲ್ಲೊಂದು. ಸೇನೆಯ ಜೀಪುಗಳೂ ಜಿಪ್ಸಿಗಳೂ ಅದೇ ದಾರಿಯಲ್ಲಿ ಬಂದವು. ಶಿವಾಜಿನಗರದ ಗುಜರಿ ಅಂಗಡಿಗಳು ಹಳೆಯ ವಾಹನಗಳನ್ನು ಬಿಚ್ಚಿ ಬಿಡಿಭಾಗಗಳನ್ನು ಮಾರುವುದಕ್ಕೆ ಹೆಸರಾದವು. ಹೊಸದಾಗಿ ಎಲ್ಲಿಯೂ ತಯಾರಾಗದ ಒಂದು ಗೇರಿಗಾಗಿ, ಒಂದು ಆಕ್ಸಲ್ ಹೌಸಿಂಗಿಗಾಗಿ ಹುಡುಕುವ ಜೀಪಿನ ಒಡೆಯ ಈ ಗುಜರಿಯನ್ನೇ ನೆಚ್ಚಬೇಕಾಗುತ್ತದೆ.

ಮೂಲ ಮಾದರಿಯಿಂದಲೇ ಲೆಕ್ಕ ಆರಂಭಿಸುವುದು ಒಳ್ಳೆಯದು, ಏಕೆಂದರೆ ಉಳಿದೆಲ್ಲ ವಾಹನಗಳೂ ಅದಕ್ಕೆ ಕೊಟ್ಟ ಉತ್ತರಗಳೇ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಸುಮಾರು ಆರೂವರೆ ಲಕ್ಷ ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಮಹೀಂದ್ರ ಕಂಪನಿ ಭಾರತದಲ್ಲಿ ಈ ಜೀಪುಗಳನ್ನು ಜೋಡಿಸಲು ತೊಡಗಿತು. ಯುದ್ಧಕಾಲದ ಜೀಪಿನ ಎಂಜಿನ್ನಿಗೆ ಇದ್ದದ್ದು 60 ಅಶ್ವಶಕ್ತಿ, ಸುಮಾರು 142 ನ್ಯೂಟನ್ ಮೀಟರ್ ಟಾರ್ಕ್. ಈಗಿನ ಪುಟ್ಟ ಕಾರುಗಳೂ ಅಶ್ವಶಕ್ತಿಯಲ್ಲಿ ಇದನ್ನು ಮೀರಿಸುತ್ತವೆ. ಆದರೂ ಆ ಜೀಪು ಏರಿದ ದಿಬ್ಬವನ್ನು ಈ ಕಾರುಗಳು ಏರಲಾರವು, ಮತ್ತು ಅದಕ್ಕೆ ಕಾರಣ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವ ಗೇರುಗಳು.

ಜೀಪಿನಲ್ಲಿ ಸಾಮಾನ್ಯ ಗೇರ್‌ಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇದ್ದು, ಅದು ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲುಗಳಿಗೆ ಹಂಚುವುದರ ಜೊತೆಗೆ ‘ಫೋರ್ ಲೋ’ ಎಂದು ಕರೆಯಲಾಗುವ ಒಂದು ನಿಧಾನದ ಹಲ್ಲನ್ನೂ ಒದಗಿಸುತ್ತದೆ. ಆ ಜೀಪಿನ ಮೊದಲ ಗೇರಿನ ಅನುಪಾತ 2.665, ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತ 1.97, ಆಕ್ಸಲಿನ ಅನುಪಾತ 4.88, ಈ ಮೂರನ್ನೂ ಗುಣಿಸಿದರೆ ಸುಮಾರು 25.6 ಬರುತ್ತದೆ, ಅಂದರೆ ಎಂಜಿನ್ 25ಕ್ಕೂ ಹೆಚ್ಚು ಸುತ್ತು ತಿರುಗಿದಾಗ ಚಕ್ರ ಒಮ್ಮೆ ತಿರುಗುತ್ತದೆ ಮತ್ತು ಟಾರ್ಕ್ ಅಷ್ಟೇ ಪಟ್ಟು ಹೆಚ್ಚುತ್ತದೆ. ಘರ್ಷಣೆಯ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ, 142 ನ್ಯೂಟನ್ ಮೀಟರ್ ಚಕ್ರದ ಬಳಿ 3,600ಕ್ಕೂ ಹೆಚ್ಚು ನ್ಯೂಟನ್ ಮೀಟರ್ ಆಗಿ, ಚಕ್ರದ ತ್ರಿಜ್ಯ ಸುಮಾರು 36 ಸೆಂಟಿಮೀಟರ್ ಇರುವುದರಿಂದ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 10,000 ನ್ಯೂಟನ್ ಆಗುತ್ತದೆ. ಸುಮಾರು 1.1 ಟನ್ನಿನ ಆ ಜೀಪನ್ನು ಭೂಮಿ ಕೆಳಕ್ಕೆ ಸೆಳೆಯುವ ಬಲವೂ ಹೆಚ್ಚುಕಡಿಮೆ ಇಷ್ಟೇ. ತನ್ನ ಇಡೀ ತೂಕಕ್ಕೆ ಸಮನಾದ ಬಲದಿಂದ ನೆಲವನ್ನು ತಳ್ಳಬಲ್ಲ ವಾಹನಕ್ಕೆ ಎಂಜಿನ್ನಿನ ಶಕ್ತಿ ಸಾಲದೆಂಬ ಮಾತೇ ಬರುವುದಿಲ್ಲ. ಸಾಲದೆ ಹೋಗುವುದು ನೆಲದ ಹಿಡಿತ ಮಾತ್ರ.

ಅಶ್ವಶಕ್ತಿಯನ್ನು ಕುರಿತ ವಾದಗಳನ್ನು ಅಳೆಯುವುದಕ್ಕೆ ಈ ಒಂದು ಲೆಕ್ಕ ಸಾಕು. 2020ರ ಥಾರ್‌ನ 2.2 ಲೀಟರಿನ ಡೀಸೆಲ್ ಎಂಜಿನ್ 300 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ, ಜಿಪ್ಸಿಯ ಉತ್ತರಾಧಿಕಾರಿಯಾಗಿ 2023ರಲ್ಲಿ ಭಾರತಕ್ಕೆ ಬಂದ ಐದು ಬಾಗಿಲಿನ ಜಿಮ್ನಿಯ 1.5 ಲೀಟರಿನ ಪೆಟ್ರೋಲ್ ಎಂಜಿನ್ ಕೊಡುವುದು 134 ಮಾತ್ರ. ಹೆದ್ದಾರಿಯಲ್ಲಿ ಈ ಅಂತರ ನಿಜವಾದ ಅಂತರವೇ. ಆದರೆ ಎರಡಕ್ಕೂ ಲೋ ಹಲ್ಲು ಇದೆ, ಮತ್ತು ಲೋ ಹಲ್ಲಿನಲ್ಲಿ ಎರಡೂ ತಮ್ಮ ಚಕ್ರಗಳು ಜಾರುವಷ್ಟು ಬಲವನ್ನು ನೆಲಕ್ಕೆ ಒದಗಿಸಬಲ್ಲವು. ನೆಲ ಮತ್ತು ಟೈರಿನ ನಡುವಿನ ಘರ್ಷಣಾಂಕ, ಅಂದರೆ ತೂಕದ ಎಷ್ಟು ಪಾಲು ಹಿಡಿತವಾಗಿ ದೊರೆಯುತ್ತದೆ ಎಂಬುದರ ಅಳತೆ, 0.5 ಇದ್ದರೆ ನಾಲ್ಕು ಚಕ್ರಗಳ ಚಾಲನೆಯಿರುವ ಯಾವ ವಾಹನವೂ ಸುಮಾರು 26 ಡಿಗ್ರಿಗಿಂತ ಕಡಿದಾದ ಇಳಿಜಾರನ್ನು ನಿಧಾನವಾಗಿ ಏರಲಾರದು. ಎಂಜಿನ್ 60 ಅಶ್ವಶಕ್ತಿಯದಾದರೂ ಸರಿ, 150ರದಾದರೂ ಸರಿ. ಹೆಚ್ಚಿನ ಟಾರ್ಕ್ ಕೊಡುವ ನಿಜವಾದ ಲಾಭ ಬೇರೆಯದು: ಡೀಸೆಲ್ ಎಂಜಿನ್ ಕಡಿಮೆ ಸುತ್ತುಗಳಲ್ಲಿಯೇ ಬಲ ಕೊಡುವುದರಿಂದ ಚಾಲಕ ಕ್ಲಚ್ಚನ್ನು ಅರ್ಧಕ್ಕೆ ಹಿಡಿಯದೆ, ಎಂಜಿನ್ ನಿಂತುಹೋಗುವ ಭಯವಿಲ್ಲದೆ ಬಂಡೆಯ ಮೇಲೆ ಅಂಗುಲ ಅಂಗುಲವಾಗಿ ಸರಿಯಬಹುದು. ಇದು ಸಣ್ಣ ಲಾಭವಲ್ಲ, ಆದರೆ ಇದನ್ನು ಹಿಡಿತವೆಂದು ತಿಳಿಯಬಾರದು.

ಗೂರ್ಖಾದವರ ವಾದವನ್ನು ಅರ್ಥಮಾಡಿಕೊಳ್ಳಲು ಡಿಫರೆನ್ಶಿಯಲ್ ಎಂಬ ಗೇರುಗಳ ಗುಂಪನ್ನು ತಿಳಿಯಬೇಕು. ವಾಹನ ತಿರುವಿನಲ್ಲಿ ಹೊರಳುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗುವುದರಿಂದ ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಯಾವುದಾದರೊಂದು ಚಕ್ರ ರಸ್ತೆಯನ್ನು ಉಜ್ಜುತ್ತದೆ. ಹತ್ತೊಂಬತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಉಗಿವಾಹನಕ್ಕಾಗಿ ರೂಪಿಸಿದ ಡಿಫರೆನ್ಶಿಯಲ್ ಈ ತೊಡಕನ್ನು ಬಿಡಿಸಿತು. ಅದು ಎರಡು ಚಕ್ರಗಳಿಗೂ ಸಮಾನ ಟಾರ್ಕನ್ನು ಕೊಡುತ್ತ, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ. ರಸ್ತೆಯ ಮೇಲೆ ವರವಾದ ಈ ಸಮಾನತೆ ರಸ್ತೆಯಿಲ್ಲದ ಕಡೆ ಶಾಪವಾಗುತ್ತದೆ. ಒಂದು ಚಕ್ರ ಗಾಳಿಗೆ ಎದ್ದರೆ ಅಥವಾ ಕೆಸರಿನಲ್ಲಿ ಜಾರಿದರೆ ಅದನ್ನು ತಿರುಗಿಸಲು ಬೇಕಾದ ಟಾರ್ಕ್ ಬಹುತೇಕ ಸೊನ್ನೆ. ಎರಡಕ್ಕೂ ಸಮ ಪಾಲೇ ಆದ್ದರಿಂದ ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ದೊರೆಯುವುದು ಬಹುತೇಕ ಸೊನ್ನೆಯೇ. ಹಾಗಾಗಿ ಮುಂದಿನ ಎಡ ಚಕ್ರವೂ ಹಿಂದಿನ ಬಲ ಚಕ್ರವೂ ಒಟ್ಟಿಗೆ ಹಿಡಿತ ಕಳೆದುಕೊಂಡರೆ, ಫೋರ್‌ವ್ಹೀಲ್ ಡ್ರೈವ್ ಎಂದು ಹೆಮ್ಮೆಪಡುವ ವಾಹನವೂ ಎರಡು ಚಕ್ರಗಳನ್ನು ಸುಮ್ಮನೆ ಗಿರ್ರನೆ ತಿರುಗಿಸುತ್ತ ನಿಂತಲ್ಲೇ ನಿಲ್ಲುತ್ತದೆ.

ಇದಕ್ಕೆ ಮೂರು ಬಗೆಯ ಪರಿಹಾರಗಳಿದ್ದು, ಪೈಪೋಟಿಯ ತಿರುಳು ಇರುವುದು ಇಲ್ಲಿಯೇ. ಫೋರ್ಸ್ ಕಂಪನಿಯ ಗೂರ್ಖಾದಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಡಿಫರೆನ್ಶಿಯಲುಗಳನ್ನು ಚಾಲಕ ಲಾಕರ್ ಬಳಸಿ ತನ್ನ ಇಚ್ಛೆಯಂತೆ ಬಿಗಿಯಬಹುದು. ಬಿಗಿದಾಗ ಎಡ ಬಲ ಚಕ್ರಗಳು ಒಂದೇ ಸರಳಿಗೆ ಸಿಕ್ಕಿಸಿದಂತೆ ಒಟ್ಟಿಗೆ ತಿರುಗುವುದರಿಂದ, ನೆಲ ಮುಟ್ಟಿರುವುದು ಒಂದೇ ಚಕ್ರವಾದರೂ ಬಲವೆಲ್ಲ ಅದಕ್ಕೆ ಹೋಗುತ್ತದೆ. ಭಾರತದಲ್ಲಿ ಕಾರ್ಖಾನೆಯಿಂದಲೇ ಈ ಸೌಲಭ್ಯದೊಂದಿಗೆ ಬರುವ ವಾಹನಗಳು ಬಹಳ ಕಡಿಮೆ, ಹಾಗಾಗಿ ಗೂರ್ಖಾದವರ ಹೆಮ್ಮೆಗೆ ಆಧಾರವಿದೆ. ಜಿಮ್ನಿ ಇನ್ನೊಂದು ದಾರಿ ಹಿಡಿದಿದೆ. ಜಾರುತ್ತಿರುವ ಚಕ್ರವನ್ನು ಸಂವೇದಕಗಳು ಗುರುತಿಸಿದ ಕೂಡಲೇ ಆ ಚಕ್ರಕ್ಕೆ ಮಾತ್ರ ಬ್ರೇಕ್ ಬೀಳುತ್ತದೆ. ಬ್ರೇಕಿನ ವಿರುದ್ಧ ತಿರುಗಲು ಆ ಚಕ್ರಕ್ಕೆ ಟಾರ್ಕ್ ಬೇಕಾಗುವುದರಿಂದ, ಸಮಪಾಲಿನ ಅದೇ ನಿಯಮದಂತೆ ಗಟ್ಟಿ ನೆಲದ ಮೇಲಿನ ಚಕ್ರಕ್ಕೂ ಅಷ್ಟೇ ಟಾರ್ಕ್ ಸಿಗುತ್ತದೆ. ಶಾಪವಾಗಿದ್ದ ನಿಯಮವನ್ನೇ ನೆರವಿಗೆ ತಿರುಗಿಸಿಕೊಂಡ ಈ ಉಪಾಯ ಎಂಜಿನಿಯರುಗಳ ಜಾಣ್ಮೆಗೆ ಒಳ್ಳೆಯ ನಿದರ್ಶನ. ಆದರೆ ಚಕ್ರ ಮೊದಲು ಸ್ವಲ್ಪ ಜಾರಿದ ಮೇಲೆಯೇ ಅದು ಕೆಲಸಕ್ಕೆ ಬರುತ್ತದೆ, ಬಲದ ಒಂದು ಪಾಲು ಬ್ರೇಕಿನಲ್ಲಿ ಶಾಖವಾಗಿ ಹೋಗುತ್ತದೆ, ಚಾಲಕನೂ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ಒತ್ತಿ ಹಿಡಿಯುವುದನ್ನು ಕಲಿಯಬೇಕಾಗುತ್ತದೆ. ಥಾರ್‌ನ ಕೆಲವು ಆವೃತ್ತಿಗಳಲ್ಲಿ ಹಿಂದಿನ ಎರಡು ಚಕ್ರಗಳ ವೇಗದಲ್ಲಿ ಅಂತರ ಹೆಚ್ಚಾದಾಗ ತಾನಾಗಿಯೇ ಬಿಗಿದುಕೊಳ್ಳುವ ಯಾಂತ್ರಿಕ ಲಾಕ್ ಇದೆ. ಹಳೆಯ ಜೀಪಿಗೂ ಜಿಪ್ಸಿಗೂ ಕಾರ್ಖಾನೆ ಇವುಗಳಲ್ಲಿ ಯಾವುದನ್ನೂ ಕೊಡಲಿಲ್ಲ. ಅವುಗಳ ಭರವಸೆಯೆಲ್ಲ ಚಕ್ರ ನೆಲ ಬಿಡದಂತೆ ನೋಡಿಕೊಳ್ಳುವುದರ ಮೇಲಿತ್ತು.

ಆ ಭರವಸೆ ಹುಸಿಯಾಗಿರಲಿಲ್ಲ. ಎಡ ಬಲ ಚಕ್ರಗಳನ್ನು ಒಂದೇ ಉಕ್ಕಿನ ಕೊಳವೆಯೊಳಗಿನ ಆಕ್ಸಲಿಗೆ ಜೋಡಿಸಿದ ವಾಹನದಲ್ಲಿ ಒಂದು ಚಕ್ರ ಬಂಡೆಯ ಮೇಲೇರಿದರೆ ಆಕ್ಸಲ್ ಓರೆಯಾಗಿ ಇನ್ನೊಂದನ್ನು ಕೆಳಕ್ಕೆ ಒತ್ತುತ್ತದೆ. ಈ ಓರೆಯಾಗುವ ಗುಣವನ್ನು ಆರ್ಟಿಕ್ಯುಲೇಶನ್ ಎನ್ನುತ್ತಾರೆ. ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳುಗಳಿರುವ ಸ್ವತಂತ್ರ ಸಸ್ಪೆನ್ಶನ್ನಿನಲ್ಲಿ ಈ ಸಹಾಯ ಇರುವುದಿಲ್ಲ, ಆದರೆ ಹೆದ್ದಾರಿಯಲ್ಲಿ ಅದು ಹೆಚ್ಚು ಸ್ಥಿರ, ಪ್ರಯಾಣಿಕರ ಬೆನ್ನಿಗೂ ಹಿತ. ಹಳೆಯ ಜೀಪಿಗೂ 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿಗೂ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲುಗಳಿದ್ದು, ಅವು ಲೀಫ್ ಸ್ಪ್ರಿಂಗ್ ಎಂಬ ಕಮಾನು ಪಟ್ಟಿಗಳ ಮೇಲೆ ಕೂತಿರುತ್ತವೆ. ಜಿಮ್ನಿ ಎರಡು ಗಟ್ಟಿ ಆಕ್ಸಲುಗಳನ್ನು ಉಳಿಸಿಕೊಂಡು ಪಟ್ಟಿಯ ಬದಲು ಸುರುಳಿ ಸ್ಪ್ರಿಂಗನ್ನು ತಂದುಕೊಂಡಿತು. ಈಗಿನ ಥಾರ್ ಮತ್ತು ಗೂರ್ಖಾಗಳು ಮುಂದೆ ಸ್ವತಂತ್ರ ಸಸ್ಪೆನ್ಶನ್ನನ್ನು, ಹಿಂದೆ ಗಟ್ಟಿ ಆಕ್ಸಲನ್ನು ಹೊಂದಿವೆ. ಜಿಮ್ನಿಯ ಚಕ್ರ ನೆಲ ಬಿಡುವುದು ತಡ, ಗೂರ್ಖಾದ ಚಕ್ರ ನೆಲ ಬಿಟ್ಟರೂ ಚಿಂತೆಯಿಲ್ಲ ಎಂಬುದು ಈ ಎರಡು ಬಣಗಳ ನಡುವಿನ ವಾದದ ಸಾರ, ಮತ್ತು ಇಬ್ಬರ ಮಾತೂ ನಿಜ.

ತೂಕದ ವಿಷಯದಲ್ಲಿ ಮಾತ್ರ ಜಿಪ್ಸಿಯವರ ವಾದಕ್ಕೆ ಸುಲಭದ ಮರುತ್ತರವಿಲ್ಲ. ಜಿಪ್ಸಿಯ ತೂಕ ಒಂದು ಟನ್ನಿಗಿಂತ ತುಸು ಕಡಿಮೆ, ಜಿಮ್ನಿಯದು ಸುಮಾರು 1.2 ಟನ್, ಥಾರ್ ಒಂದೂಮುಕ್ಕಾಲು ಟನ್ನಿನ ಆಸುಪಾಸಿನಲ್ಲಿದ್ದರೆ ಗೂರ್ಖಾ ಎರಡು ಟನ್ನಿನ ಹತ್ತಿರ ಹೋಗುತ್ತದೆ. ಮಣ್ಣು ಮತ್ತು ಚಕ್ರಗಳ ಸಂಬಂಧವನ್ನು ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಸಿದವರು ಪೋಲೆಂಡ್ ಮೂಲದ ಎಂಜಿನಿಯರ್ ಎಂ.ಜಿ. ಬೆಕ್ಕರ್. 1971ರಲ್ಲಿ ಚಂದ್ರನ ಮೇಲೆ ಓಡಿದ ವಾಹನದ ವಿನ್ಯಾಸದಲ್ಲಿಯೂ ಅವರ ಕೊಡುಗೆಯಿತ್ತು. ಮೆದು ನೆಲದ ಮೇಲೆ ಒತ್ತಡ ಹೆಚ್ಚಿದಷ್ಟೂ ಚಕ್ರ ಆಳಕ್ಕೆ ಇಳಿಯುತ್ತದೆ, ಇಳಿದಷ್ಟೂ ಅದು ತನ್ನ ಮುಂದೆ ತಾನೇ ಎಬ್ಬಿಸಿದ ಮಣ್ಣಿನ ದಿಬ್ಬವನ್ನು ಸದಾ ಹತ್ತುತ್ತಿರಬೇಕಾಗುತ್ತದೆ ಎಂಬುದು ಈ ಶಾಸ್ತ್ರದ ಮೂಲ ಅರಿವು. ಗಟ್ಟಿ ಬಂಡೆಯ ಮೇಲೆ ತೂಕ ಹೆಚ್ಚಿದಂತೆ ಹಿಡಿತವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಭಾರದ ವಾಹನಕ್ಕೆ ನಷ್ಟವಿಲ್ಲ. ಕೆಸರಿನಲ್ಲಿ ಆ ಸಮತೋಲ ಕೆಡುತ್ತದೆ. ಹೊಸಕೋಟೆಯಿಂದಾಚೆಗೆ ಕೋಲಾರದ ಕಡೆ ಹೋದಂತೆ ಕೆಂಪು ಮಣ್ಣು ಮತ್ತು ಬೋಳು ಬಂಡೆ ಪಕ್ಕಪಕ್ಕದಲ್ಲಿಯೇ ಸಿಗುತ್ತವೆ. ಮಳೆ ಬಿದ್ದ ಕೆಂಪು ಮಣ್ಣಿನ ಜೇಡಿ ಟೈರಿನ ಗೀರುಗಳನ್ನು ತುಂಬಿಕೊಂಡು ಅದನ್ನು ನುಣುಪಾದ ಉರುಳೆಯನ್ನಾಗಿಸುತ್ತದೆ. ಅಗಲವಾದ ಗೀರುಗಳಿರುವ ಮಡ್ ಟೆರೇನ್ ಟೈರು ತಿರುಗುವಾಗ ಆ ಮಣ್ಣನ್ನು ಎಸೆದು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಜೂನ್ ತಿಂಗಳ ಭಾನುವಾರ ಜಿಪ್ಸಿ ಗೆಲ್ಲುವ ಹಾದಿಯಲ್ಲಿಯೇ ಮಾರ್ಚ್ ತಿಂಗಳಲ್ಲಿ ಗೂರ್ಖಾ ಗೆಲ್ಲಬಹುದಾದುದಕ್ಕೆ ಕಾರಣ ಈ ನೆಲದ ಗುಣ.

ಎಲ್ಲ ಬಣಗಳಿಗೂ ಸಮಾನವಾಗಿ ಸಿಗುವ, ಹಣ ಬೇಡದ ಉಪಾಯವೆಂದರೆ ಟೈರಿನ ಗಾಳಿ ಇಳಿಸುವುದು. ಟೈರು ನೆಲದ ಮೇಲೆ ಹಾಕುವ ಒತ್ತಡ ಸ್ಥೂಲವಾಗಿ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮವಾಗಿರುವುದರಿಂದ, 30 ಪಿಎಸ್‌ಐ ಇದ್ದದ್ದನ್ನು 18ಕ್ಕೆ ಇಳಿಸಿದರೆ ನೆಲ ಮುಟ್ಟುವ ಭಾಗ ಮುಖ್ಯವಾಗಿ ಉದ್ದಕ್ಕೆ ಹಿಗ್ಗಿ ಚಕ್ರ ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ಬೆಲೆಬಾಳುವ ಬಿಡಿಭಾಗಗಳ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಸರಳ ಸಂಗತಿಗೆ ಸಿಗಬೇಕಾದಷ್ಟು ಗೌರವ ಸಿಗುತ್ತಿಲ್ಲ. ಟಾರು ರಸ್ತೆಗೆ ಮರಳುವ ಮುನ್ನ ಗಾಳಿಯನ್ನು ಮತ್ತೆ ತುಂಬಿಸುವುದು ಅಷ್ಟೇ ಮುಖ್ಯ, ಏಕೆಂದರೆ ಗಾಳಿ ಕಡಿಮೆಯಿರುವ ಟೈರು ವೇಗದಲ್ಲಿ ಅತಿಯಾಗಿ ಮಡಿಚಿಕೊಂಡು ಬಿಸಿಯೇರಿ ಸಿಡಿಯಬಹುದು.

ಉದ್ದದ ಲೆಕ್ಕ ಚಿಕ್ಕದು. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ದಿಬ್ಬದ ನೆತ್ತಿ ವಾಹನದ ಹೊಟ್ಟೆಗೆ ತಗಲುವ ಸಂಭವ ಹೆಚ್ಚು. ಈ ಅಂತರ ಯುದ್ಧಕಾಲದ ಜೀಪಿನಲ್ಲಿ ಸುಮಾರು 2,030 ಮಿಲಿಮೀಟರ್, ಜಿಪ್ಸಿಯಲ್ಲಿ 2,375, ಮೂರು ಬಾಗಿಲಿನ ಥಾರ್‌ನಲ್ಲಿ 2,450, ಐದು ಬಾಗಿಲಿನ ಜಿಮ್ನಿಯಲ್ಲಿ 2,590. ಹಳೆಯ ಜೀಪಿನವರು ಹೊಸಬರನ್ನು ಕಿಚಾಯಿಸುವುದು ಈ ಒಂದು ಅಂಕಿಯನ್ನು ಹಿಡಿದೇ.

ನಗರದೊಳಗೆ ಮಾತ್ರ ಈ ಸಾಮರ್ಥ್ಯದ ಪ್ರದರ್ಶನ ಸಲ್ಲದು, ಮತ್ತು ಅದಕ್ಕೆ ಯಂತ್ರದೊಳಗೇ ಕಾರಣವಿದೆ. ಈ ವಾಹನಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದಿನ ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಶಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕಾದಾಗ ಕೆಸರಿನಲ್ಲಾದರೆ ಅವು ಜಾರಿ ಹೊಂದಿಕೊಳ್ಳುತ್ತವೆ, ಒಣ ಟಾರಿನ ಮೇಲೆ ಜಾರಲಾಗದೆ ಶಾಫ್ಟುಗಳಲ್ಲಿ ತಿರುಚು ಸೇರಿಕೊಂಡು ಗೇರುಗಳನ್ನು ಸವೆಸುತ್ತದೆ. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಫೋರ್‌ವ್ಹೀಲ್ ಹಾಕಿ ಓಡಿಸುವವನು ತನ್ನ ಗಾಡಿಯನ್ನೇ ಹಾಳುಮಾಡಿಕೊಳ್ಳುತ್ತಾನೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡುಗಳನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಒಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿರುವುದರಿಂದ, ಗ್ಯಾರೇಜಿನಲ್ಲಿ ರೂಪ ಬದಲಿಸಿದ ಗಾಡಿಗಿಂತ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿರುವ ಗಾಡಿಗಳ ನಡುವಿನ ಹೋಲಿಕೆಯೇ ಈಗ ಹೆಚ್ಚು ಅರ್ಥಪೂರ್ಣ.

ಹೀಗೆ ನೋಡಿದಾಗ ಬಂಡೆಗೆ ಗೂರ್ಖಾ, ಕೆಸರಿಗೆ ಜಿಪ್ಸಿ ಅಥವಾ ಜಿಮ್ನಿ, ಕೆ.ಆರ್. ಪುರದ ದಟ್ಟಣೆಯನ್ನು ದಾಟಿ ಹೆದ್ದಾರಿಯಲ್ಲಿ ದೂರ ಹೋಗಿ ದಿಬ್ಬ ಹತ್ತಿ ಅದೇ ದಿನ ಮನೆಗೆ ಮರಳುವವರಿಗೆ ಥಾರ್, ಯಂತ್ರವನ್ನು ಕೈಯಾರೆ ಬಿಚ್ಚಿ ಕಲಿಯಬಯಸುವವರಿಗೆ ಹಳೆಯ ಜೀಪು ಎಂದು ತೀರ್ಮಾನಿಸಬಹುದು. ಆದರೆ ಪೈಪೋಟಿ ಜಗಳವಾಗದೆ ಸ್ನೇಹವಾಗಿಯೇ ಉಳಿದಿರುವುದಕ್ಕೆ ಈ ತೀರ್ಮಾನಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ಹೂತುಹೋದ ಗಾಡಿಯನ್ನು ಎಳೆಯುವುದು ಬಹುತೇಕ ಬೇರೆ ಕಂಪನಿಯ ಗಾಡಿಯೇ. ಒಬ್ಬರೇ ಹೋಗಬಾರದೆಂಬುದು ಈ ಹವ್ಯಾಸದ ಮೊದಲ ನಿಯಮವಾದುದರಿಂದ, ಭಾನುವಾರ ಬೆಳಗ್ಗೆ ಹಳೇ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೊರಡುವ ಗುಂಪುಗಳು ಬೆರಕೆಯಾಗಿಯೇ ಇರುತ್ತವೆ. ಹಗುರವಾದ ಗಾಡಿ ಮೊದಲು ದಾಟಿ ಗಟ್ಟಿ ನೆಲ ಸೇರಿ, ಹಿಂದೆ ಬಂದು ಸಿಕ್ಕಿಕೊಂಡ ಭಾರದ ಗಾಡಿಗೆ ಹಗ್ಗ ಎಸೆಯುವುದು ವಾದವನ್ನು ತಾತ್ಕಾಲಿಕವಾಗಿಯಾದರೂ ನಿಲ್ಲಿಸುವ ಅತ್ಯುತ್ತಮ ವಿಧಾನ.

ಆ ಹಗ್ಗದ ಬಗ್ಗೆ ಓದುಗರಲ್ಲಿ ಒಂದು ಕೋರಿಕೆ. ಎರಡು ಟನ್ನಿನ ಗಾಡಿ ಗಂಟೆಗೆ ಕೇವಲ 10 ಕಿಲೋಮೀಟರ್ ವೇಗದಲ್ಲಿ ಚಲಿಸುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 7,700 ಜೂಲ್; ಹಿಗ್ಗುವ ರಿಕವರಿ ಹಗ್ಗ ಈ ಶಕ್ತಿಯ ದೊಡ್ಡ ಪಾಲನ್ನು ತನ್ನಲ್ಲಿ ತುಂಬಿಕೊಂಡು ಹೂತ ಗಾಡಿಗೆ ದಾಟಿಸುತ್ತದೆ, ಮತ್ತು ಕೊಕ್ಕೆ ಕಿತ್ತುಬಂದರೆ ಆ ಶಕ್ತಿಯೆಲ್ಲ ಒಂದು ಉಕ್ಕಿನ ತುಂಡಿನಲ್ಲಿ ಸೇರಿ ಗಾಜನ್ನೂ ಮನುಷ್ಯರನ್ನೂ ಸೀಳಿಕೊಂಡು ಹೋಗಬಲ್ಲದು. ಆದ್ದರಿಂದ ಹಗ್ಗವನ್ನು ಬಂಪರಿಗಾಗಲಿ ಟ್ರೇಲರ್ ಎಳೆಯುವ ಗುಂಡಿಗಾಗಲಿ ಕಟ್ಟದೆ ಚಾಸಿಗೆ ಬೋಲ್ಟ್ ಮಾಡಿದ ರಿಕವರಿ ಕೊಕ್ಕೆಗೇ ಹಾಕಬೇಕು, ಹಗ್ಗದ ನಡುಭಾಗದ ಮೇಲೆ ದಪ್ಪ ಗೋಣಿಯನ್ನೋ ಕಂಬಳಿಯನ್ನೋ ಹೊದಿಸಬೇಕು, ಮತ್ತು ಹಗ್ಗ ಬಿಗಿಯಾಗಿರುವಾಗ ಅದರ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರನ್ನೂ ನಿಲ್ಲಲು ಬಿಡಬಾರದು.